ಐರೋಪ್ಯ ಒಕ್ಕೂಟದ ಕಾನೂನು

ಐರೋಪ್ಯ ಒಕ್ಕೂಟದ ಕಾನೂನು ಎಂಬುದು ಯುರೋಪಿನ 27 ಸದಸ್ಯ ರಾಷ್ಟ್ರಗಳು ತಮ್ಮೊಳಗೆ ಮಾಡಿಕೊಂಡ ಒಡಂಬಡಿಕೆಗಳು, ಆ ಒಡಂಬಡಿಕೆಗಳಿಂದ ಹುಟ್ಟಿದ ಸಂಸ್ಥೆಗಳು ರಚಿಸುವ ಶಾಸನಗಳು ಹಾಗೂ ಲಕ್ಸೆಂಬರ್ಗ್ ನಗರದಲ್ಲಿರುವ ನ್ಯಾಯಾಲಯದ ತೀರ್ಪುಗಳು ಸೇರಿ ರೂಪುಗೊಂಡ ಕಾನೂನು ವ್ಯವಸ್ಥೆಯಾಗಿದೆ. ಇದು ಎರಡು ದೇಶಗಳ ನಡುವಿನ ಸಾಮಾನ್ಯ ಅಂತಾರಾಷ್ಟ್ರೀಯ ಒಪ್ಪಂದದಂತೆ ಸರ್ಕಾರಗಳನ್ನು ಮಾತ್ರ ಬಂಧಿಸುವುದಿಲ್ಲ. ಸದಸ್ಯ ರಾಷ್ಟ್ರಗಳ ಪ್ರಜೆಗಳಿಗೂ ಕಂಪನಿಗಳಿಗೂ ನೇರವಾಗಿ ಹಕ್ಕು ಮತ್ತು ಹೊಣೆಗಳನ್ನು ನೀಡುತ್ತದೆ. ಹಾಗೆಂದು ಇದನ್ನು ಒಂದು ದೇಶದ ಸಂವಿಧಾನವೆಂದೂ ಹೇಳಲಾಗದು. ಒಕ್ಕೂಟಕ್ಕೆ ತನ್ನದೇ ಸೈನ್ಯವಿಲ್ಲ, ತೀರ್ಪು ಜಾರಿಗೊಳಿಸುವ ಪೊಲೀಸ್ ಪಡೆಯಿಲ್ಲ.

ಭಾರತ ಈ ಒಕ್ಕೂಟದ ಸದಸ್ಯ ರಾಷ್ಟ್ರವಲ್ಲ. ಆದರೂ ಕೊಡಗಿನ ಕಾಫಿ ತೋಟ, ಚಿಂತಾಮಣಿ ಮತ್ತು ಶ್ರೀನಿವಾಸಪುರದ ಮಾವಿನ ತೋಪು, ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿ ಇವೆಲ್ಲವೂ ಈ ಕಾನೂನಿನ ಪರಿಧಿಯೊಳಗೆ ಒಂದಲ್ಲ ಒಂದು ರೀತಿಯಲ್ಲಿ ಬಂದಿವೆ. ಆದ್ದರಿಂದ ಈ ಲೇಖನದಲ್ಲಿ ಒಕ್ಕೂಟದ ಸಂಸ್ಥೆಗಳ ಕಾರ್ಯವಿಧಾನದ ಜೊತೆಗೆ ಕರ್ನಾಟಕದೊಂದಿಗಿನ ಅದರ ಸಂಬಂಧವನ್ನೂ ವಿವರಿಸಲಾಗಿದೆ.

ಹೆಸರುಗಳ ಗೊಂದಲ

ಈ ವಿಷಯವನ್ನು ಹೊಸದಾಗಿ ಓದುವವರು ಮೊದಲು ಎಡವುವುದು ಹೆಸರುಗಳಲ್ಲಿ. ‘ಯುರೋಪಿಯನ್ ಕೌನ್ಸಿಲ್’ ಎಂದರೆ ಸದಸ್ಯ ರಾಷ್ಟ್ರಗಳ ಪ್ರಧಾನಿಗಳು ಅಥವಾ ಅಧ್ಯಕ್ಷರು ಕೂಡುವ ನಾಯಕರ ಸಭೆ. ಇದು ಶಾಸನ ಮಾಡುವುದಿಲ್ಲ, ದಿಕ್ಕನ್ನು ಮಾತ್ರ ನಿರ್ಧರಿಸುತ್ತದೆ. ‘ಕೌನ್ಸಿಲ್ ಆಫ್ ದಿ ಯುರೋಪಿಯನ್ ಯೂನಿಯನ್’ ಎಂದರೆ ವಿಷಯಕ್ಕೆ ತಕ್ಕಂತೆ ಆಯಾ ಖಾತೆಯ ಸಚಿವರು ಸೇರುವ ಪರಿಷತ್ತು. ಕೃಷಿಯ ವಿಷಯವಾದರೆ ಕೃಷಿ ಸಚಿವರು, ಹಣಕಾಸಾದರೆ ಹಣಕಾಸು ಸಚಿವರು. ‘ಕೌನ್ಸಿಲ್ ಆಫ್ ಯುರೋಪ್’ ಇವೆರಡೂ ಅಲ್ಲದ, ಒಕ್ಕೂಟಕ್ಕೆ ಸೇರದ ಬೇರೆಯೇ ಸಂಸ್ಥೆ. 1949ರಲ್ಲಿ ಸ್ಥಾಪನೆಯಾದ ಇದರಲ್ಲಿ ಈಗ 46 ದೇಶಗಳಿದ್ದು, ಸ್ಟ್ರಾಸ್‌ಬರ್ಗ್‌ನಲ್ಲಿರುವ ಮಾನವ ಹಕ್ಕುಗಳ ಐರೋಪ್ಯ ನ್ಯಾಯಾಲಯ ಇದಕ್ಕೆ ಸೇರಿದೆ. ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯವಂತೂ ವಿಶ್ವಸಂಸ್ಥೆಯ ಅಂಗ. ಪತ್ರಿಕೆಗಳಲ್ಲಿ ‘ಐರೋಪ್ಯ ನ್ಯಾಯಾಲಯದ ತೀರ್ಪು’ ಎಂದು ಕಂಡಾಗ ಲಕ್ಸೆಂಬರ್ಗಿನದೋ ಸ್ಟ್ರಾಸ್‌ಬರ್ಗಿನದೋ ಎಂದು ನೋಡಿಕೊಳ್ಳುವುದು ಅಗತ್ಯ. ಊರಿನ ಹೆಸರೇ ಇಲ್ಲಿ ನಂಬಿಕೆಗೆ ಅರ್ಹವಾದ ಗುರುತು. ಈ ಲೇಖನದಲ್ಲಿ ಮೊದಲನೆಯದನ್ನು ನಾಯಕರ ಸಭೆ, ಎರಡನೆಯದನ್ನು ಸಚಿವರ ಪರಿಷತ್ತು ಎಂದು ಕರೆಯಲಾಗಿದೆ.

ಹಿನ್ನೆಲೆ

ಎರಡನೆಯ ಮಹಾಯುದ್ಧದ ನಂತರ ಫ್ರಾನ್ಸ್, ಪಶ್ಚಿಮ ಜರ್ಮನಿ, ಇಟಲಿ, ಬೆಲ್ಜಿಯಂ, ನೆದರ್ಲೆಂಡ್ಸ್ ಮತ್ತು ಲಕ್ಸೆಂಬರ್ಗ್ ಈ ಆರು ದೇಶಗಳು 1951ರ ಏಪ್ರಿಲ್ 18ರಂದು ಪ್ಯಾರಿಸ್‌ನಲ್ಲಿ ಕಲ್ಲಿದ್ದಲು ಮತ್ತು ಉಕ್ಕಿನ ಸಮುದಾಯವನ್ನು ಸ್ಥಾಪಿಸುವ ಒಡಂಬಡಿಕೆಗೆ ಸಹಿ ಹಾಕಿದವು. ಯುದ್ಧಕ್ಕೆ ಬೇಕಾದ ಎರಡು ಮೂಲ ವಸ್ತುಗಳನ್ನು ಒಂದೇ ಅಧಿಕಾರದಡಿ ತಂದರೆ ಒಬ್ಬರ ಮೇಲೊಬ್ಬರು ಗುಟ್ಟಾಗಿ ಯುದ್ಧಕ್ಕೆ ಸಜ್ಜಾಗುವುದು ಸಾಧ್ಯವಾಗದು ಎಂಬುದು ಇದರ ಹಿಂದಿನ ಯೋಚನೆ. 1957ರ ಮಾರ್ಚ್ 25ರ ರೋಮ್ ಒಡಂಬಡಿಕೆ ಇದನ್ನು ಸಮಗ್ರ ಮಾರುಕಟ್ಟೆಗೆ ವಿಸ್ತರಿಸಿತು. 1992ರ ಮಾಸ್ಟ್ರಿಕ್ಟ್ ಒಡಂಬಡಿಕೆಯಿಂದ ‘ಐರೋಪ್ಯ ಒಕ್ಕೂಟ’ ಎಂಬ ಹೆಸರು ಬಂದಿತು. 2009ರ ಡಿಸೆಂಬರ್ 1ರಂದು ಜಾರಿಗೆ ಬಂದ ಲಿಸ್ಬನ್ ಒಡಂಬಡಿಕೆಯೇ ಇಂದಿನ ವ್ಯವಸ್ಥೆಯ ತಳಹದಿ. ಇದರಂತೆ ಎರಡು ಮೂಲ ಒಡಂಬಡಿಕೆಗಳು ಹಾಗೂ ಮೂಲಭೂತ ಹಕ್ಕುಗಳ ಸನ್ನದು ಸಮಾನ ಬಲ ಹೊಂದಿವೆ. ಬ್ರಿಟನ್ 1973ರಲ್ಲಿ ಸೇರಿ 2020ರ ಜನವರಿ 31ರಂದು ಹೊರಬಂದಿತು.

ಭಾರತದ ಸಂವಿಧಾನ ಓದಿದವರಿಗೆ ಇಲ್ಲಿ ಎರಡು ವ್ಯತ್ಯಾಸಗಳು ತಕ್ಷಣ ಕಾಣುತ್ತವೆ. ನಮ್ಮಲ್ಲಿ ಯಾವ ಪಟ್ಟಿಯಲ್ಲೂ ಇಲ್ಲದ ವಿಷಯಗಳ ಮೇಲಿನ ಶೇಷಾಧಿಕಾರ 248ನೇ ವಿಧಿಯಂತೆ ಸಂಸತ್ತಿನದು. ಒಕ್ಕೂಟದಲ್ಲಿ ಇದು ತಿರುವುಮುರುವು: ರಾಷ್ಟ್ರಗಳು ಬಿಟ್ಟುಕೊಟ್ಟ ಅಧಿಕಾರ ಮಾತ್ರ ಒಕ್ಕೂಟಕ್ಕೆ, ಉಳಿದದ್ದೆಲ್ಲ ರಾಷ್ಟ್ರಗಳಿಗೆ. ಎರಡನೆಯದಾಗಿ, ಭಾರತದ ರಾಜ್ಯಕ್ಕೆ ಒಕ್ಕೂಟದಿಂದ ಹೊರಹೋಗುವ ಹಕ್ಕಿಲ್ಲ. ಐರೋಪ್ಯ ಒಕ್ಕೂಟದ ಮೂಲ ಒಡಂಬಡಿಕೆಯ 50ನೇ ವಿಧಿ ಆ ಹಕ್ಕನ್ನು ಬರೆದೇ ಕೊಟ್ಟಿದೆ. ಬ್ರಿಟನ್ ಬಳಸಿದ್ದು ಇದನ್ನೇ.

ಸಂಸ್ಥೆಗಳು ಮತ್ತು ಶಾಸನ ರಚನೆ

ಒಡಂಬಡಿಕೆಯು ಏಳು ಸಂಸ್ಥೆಗಳನ್ನು ಹೆಸರಿಸುತ್ತದೆ: ಸಂಸತ್ತು, ನಾಯಕರ ಸಭೆ, ಸಚಿವರ ಪರಿಷತ್ತು, ಆಯೋಗ, ನ್ಯಾಯಾಲಯ, ಕೇಂದ್ರ ಬ್ಯಾಂಕ್ ಮತ್ತು ಲೆಕ್ಕಪರಿಶೋಧನಾ ನ್ಯಾಯಾಲಯ. ಶಾಸನ ರಚನೆಯ ದೃಷ್ಟಿಯಿಂದ ಆಯೋಗ, ಸಂಸತ್ತು ಮತ್ತು ಸಚಿವರ ಪರಿಷತ್ತು ಈ ಮೂರನ್ನು ತಿಳಿದರೆ ಸಾಕು.

ಬ್ರಸೆಲ್ಸ್‌ನಲ್ಲಿರುವ ಆಯೋಗದಲ್ಲಿ ರಾಷ್ಟ್ರಕ್ಕೊಬ್ಬರಂತೆ 27 ಮಂದಿ ಸದಸ್ಯರಿದ್ದಾರೆ. ಅವರು ತಮ್ಮ ದೇಶವನ್ನು ಪ್ರತಿನಿಧಿಸದೆ ಒಕ್ಕೂಟದ ಒಟ್ಟು ಹಿತವನ್ನು ನೋಡಬೇಕೆಂಬುದು ನಿಯಮ. ಕೆಲವು ಅಪವಾದಗಳನ್ನು ಬಿಟ್ಟರೆ ಹೊಸ ಶಾಸನದ ಪ್ರಸ್ತಾವ ಮಂಡಿಸುವ ಅಧಿಕಾರ ಆಯೋಗಕ್ಕೆ ಮಾತ್ರ ಇದೆ. ನಮ್ಮ ಲೋಕಸಭೆಯಲ್ಲಿರುವ ಖಾಸಗಿ ಸದಸ್ಯರ ಮಸೂದೆಯಂಥದ್ದು ಅಲ್ಲಿಲ್ಲ. ಜನರಿಂದ ಚುನಾಯಿತವಾದ ಸಭೆಗೆ ಮಸೂದೆ ಮಂಡಿಸುವ ಅಧಿಕಾರವಿಲ್ಲದಿರುವುದು ಒಕ್ಕೂಟದ ಮೇಲಿನ ಹಳೆಯ ಟೀಕೆ, ನ್ಯಾಯವಾದ ಟೀಕೆಯೂ ಹೌದು.

ಸಂಸತ್ತಿಗೆ 1979ರಿಂದ ನೇರ ಚುನಾವಣೆ ನಡೆಯುತ್ತಿದೆ. 2024ರ ಚುನಾವಣೆಯಲ್ಲಿ 720 ಸ್ಥಾನಗಳಿದ್ದು ಮತದಾನದ ಪ್ರಮಾಣ ಶೇ. 51ರಷ್ಟಿತ್ತು. ಪೂರ್ಣ ಅಧಿವೇಶನ ಸ್ಟ್ರಾಸ್‌ಬರ್ಗ್‌ನಲ್ಲಿ, ಸಮಿತಿಗಳ ಸಭೆ ಬ್ರಸೆಲ್ಸ್‌ನಲ್ಲಿ, ಸಚಿವಾಲಯ ಲಕ್ಸೆಂಬರ್ಗ್‌ನಲ್ಲಿ ಇದೆ. ನಮ್ಮ ವಿಧಾನಮಂಡಲ ವರ್ಷಕ್ಕೊಮ್ಮೆ ಬೆಳಗಾವಿಗೆ ಹೋಗುವುದನ್ನು ಟೀಕಿಸುವವರು ಪ್ರತಿ ತಿಂಗಳೂ ಕಡತ ಹೊತ್ತು ಊರು ಬದಲಿಸುವ ಈ ಸಂಸತ್ತನ್ನು ನೆನೆಯಬಹುದು.

ಸಚಿವರ ಪರಿಷತ್ತಿನಲ್ಲಿ ಬಹುತೇಕ ವಿಷಯಗಳು ‘ಅರ್ಹ ಬಹುಮತ’ದಿಂದ ತೀರ್ಮಾನವಾಗುತ್ತವೆ. ಆಯೋಗದ ಪ್ರಸ್ತಾವಕ್ಕೆ ಕನಿಷ್ಠ ಶೇ. 55ರಷ್ಟು ರಾಷ್ಟ್ರಗಳ, ಅಂದರೆ 27ರಲ್ಲಿ 15ರ ಒಪ್ಪಿಗೆ ಬೇಕು. ಆ ರಾಷ್ಟ್ರಗಳಲ್ಲಿ ಒಕ್ಕೂಟದ ಶೇ. 65ರಷ್ಟು ಜನಸಂಖ್ಯೆಯೂ ಇರಬೇಕು. ಇದಕ್ಕೆ ಹತ್ತಿರದ ಭಾರತೀಯ ಉದಾಹರಣೆ ಸಂವಿಧಾನದ 279ಎ ವಿಧಿಯ ಜಿಎಸ್‌ಟಿ ಮಂಡಳಿ. ಅಲ್ಲಿ ಕೇಂದ್ರಕ್ಕೆ ಮೂರನೇ ಒಂದು ಭಾಗ, ಎಲ್ಲ ರಾಜ್ಯಗಳಿಗೂ ಸೇರಿ ಮೂರನೇ ಎರಡು ಭಾಗ ಮತಬಲವಿದ್ದು, ನಾಲ್ಕನೇ ಮೂರರಷ್ಟು ಬಹುಮತ ಬೇಕು. ಆದರೆ ಜಿಎಸ್‌ಟಿ ಮಂಡಳಿಯಲ್ಲಿ ಸಿಕ್ಕಿಂಗೂ ಉತ್ತರ ಪ್ರದೇಶಕ್ಕೂ ಒಂದೇ ತೂಕ. ಐರೋಪ್ಯ ಪರಿಷತ್ತಿನಲ್ಲಿ ರಾಷ್ಟ್ರಗಳ ಎಣಿಕೆಯಿಂದ ಮಾಲ್ಟಾಕ್ಕೂ ಜನಸಂಖ್ಯೆಯಿಂದ ಜರ್ಮನಿಗೂ ಬೆಲೆ ಸಿಗುತ್ತದೆ.

ಆಯೋಗ ಮಂಡಿಸಿದ ಪ್ರಸ್ತಾವವನ್ನು ಸಂಸತ್ತು ಮತ್ತು ಪರಿಷತ್ತು ಎರಡೂ ಒಂದೇ ಪಠ್ಯದಲ್ಲಿ ಒಪ್ಪಬೇಕು. ಕಾಗದದ ಮೇಲೆ ಮೂರು ವಾಚನಗಳಿದ್ದರೂ, ಬಹುಪಾಲು ಶಾಸನಗಳು ಮೂರೂ ಸಂಸ್ಥೆಗಳ ಪ್ರತಿನಿಧಿಗಳು ಮುಚ್ಚಿದ ಕೋಣೆಯಲ್ಲಿ ನಡೆಸುವ ಸಂಧಾನದಲ್ಲೇ ಇತ್ಯರ್ಥವಾಗುತ್ತವೆ.

ಹೊರಬರುವ ಶಾಸನಗಳಲ್ಲಿ ಮುಖ್ಯವಾದವು ಮೂರು ಬಗೆ. ‘ರೆಗ್ಯುಲೇಷನ್’ ಎಂಬ ನಿಬಂಧನೆ ಪ್ರಕಟವಾಗಿ ಜಾರಿಗೆ ಬಂದ ದಿನದಿಂದ ಎಲ್ಲ ರಾಷ್ಟ್ರಗಳಲ್ಲೂ ತಾನಾಗಿಯೇ ಕಾನೂನಾಗುತ್ತದೆ. ‘ಡೈರೆಕ್ಟಿವ್’ ಎಂಬ ನಿರ್ದೇಶನ ಗುರಿಯನ್ನೂ ಗಡುವನ್ನೂ ಹೇಳಿ, ದಾರಿಯನ್ನು ಆಯಾ ದೇಶದ ಶಾಸಕಾಂಗಕ್ಕೆ ಬಿಡುತ್ತದೆ. ಇದನ್ನು ನಮ್ಮ ಸಂವಿಧಾನದ ರಾಜ್ಯನೀತಿ ನಿರ್ದೇಶಕ ತತ್ವಗಳೊಂದಿಗೆ ಸಮೀಕರಿಸಬಾರದು: ನಮ್ಮ ತತ್ವಗಳನ್ನು ನ್ಯಾಯಾಲಯದ ಮೂಲಕ ಜಾರಿಗೊಳಿಸಲಾಗದು, ಅಲ್ಲಿನ ನಿರ್ದೇಶನವನ್ನು ಗಡುವಿನೊಳಗೆ ಪಾಲಿಸದ ಸರ್ಕಾರ ನಷ್ಟ ಅನುಭವಿಸಿದ ಪ್ರಜೆಗೆ ಪರಿಹಾರ ಕೊಡಬೇಕಾದೀತೆಂದು 1991ರ ಫ್ರಾಂಕೋವಿಚ್ ಪ್ರಕರಣ ಹೇಳಿತು. ಮೂರನೆಯದು ನಿರ್ದಿಷ್ಟ ವ್ಯಕ್ತಿ, ಕಂಪನಿ ಅಥವಾ ರಾಷ್ಟ್ರಕ್ಕೆ ಅನ್ವಯಿಸಬಲ್ಲ ‘ನಿರ್ಣಯ’.

ನ್ಯಾಯಾಲಯ ಮತ್ತು ಎರಡು ತತ್ವಗಳು

ಒಕ್ಕೂಟದ ಕಾನೂನಿನ ಜೀವಾಳವಾದ ಎರಡು ತತ್ವಗಳು ಒಡಂಬಡಿಕೆಯಲ್ಲಿ ಬರೆದಿರಲಿಲ್ಲ. ನ್ಯಾಯಾಲಯವೇ ಅವನ್ನು ಕಂಡುಕೊಂಡಿತು.

ವಾನ್ ಗೆಂಡ್ ಎನ್ ಲೋಸ್ ಎಂಬ ಡಚ್ ಸಾಗಣೆ ಸಂಸ್ಥೆ ಪಶ್ಚಿಮ ಜರ್ಮನಿಯಿಂದ ರಾಸಾಯನಿಕವೊಂದನ್ನು ತರಿಸಿಕೊಂಡಾಗ ನೆದರ್ಲೆಂಡ್ಸ್ ಶೇ. 3ರ ಬದಲು ಶೇ. 8ರಷ್ಟು ಸುಂಕ ಹಾಕಿತು. ಸದಸ್ಯ ರಾಷ್ಟ್ರಗಳು ಪರಸ್ಪರ ಸುಂಕ ಏರಿಸಬಾರದೆಂದು ರೋಮ್ ಒಡಂಬಡಿಕೆ ಹೇಳಿತ್ತು. ಆ ಮಾತು ಸರ್ಕಾರಗಳ ನಡುವಿನದಲ್ಲವೇ, ಕಂಪನಿಯೊಂದು ಅದನ್ನು ಹಿಡಿದು ಕೋರ್ಟಿಗೆ ಹೋಗಬಹುದೇ ಎಂಬುದು ಪ್ರಶ್ನೆ. ಹೋಗಬಹುದೆಂದು 1963ರ ಫೆಬ್ರುವರಿ 5ರಂದು ನ್ಯಾಯಾಲಯ ತೀರ್ಪಿತ್ತಿತು. ಇದೇ ‘ನೇರ ಪರಿಣಾಮ’ ತತ್ವ. ಮರುವರ್ಷ ಮಿಲಾನಿನ ವಕೀಲ ಫ್ಲಾಮಿನಿಯೊ ಕೋಸ್ತಾ, ವಿದ್ಯುತ್ ಕಂಪನಿಗಳ ರಾಷ್ಟ್ರೀಕರಣವನ್ನು ವಿರೋಧಿಸಿ ಸಣ್ಣ ಮೊತ್ತದ ಕರೆಂಟ್ ಬಿಲ್ ಕಟ್ಟಲು ನಿರಾಕರಿಸಿದ ಪ್ರಕರಣದಲ್ಲಿ, ರಾಷ್ಟ್ರದ ಕಾನೂನಿಗೂ ಒಕ್ಕೂಟದ ಕಾನೂನಿಗೂ ಘರ್ಷಣೆಯಾದರೆ ಒಕ್ಕೂಟದ್ದೇ ಮೇಲು ಎಂಬ ‘ಪ್ರಾಧಾನ್ಯ’ ತತ್ವ ಸ್ಥಾಪಿತವಾಯಿತು.

ಈ ಎರಡೂ ಪ್ರಕರಣಗಳು ಲಕ್ಸೆಂಬರ್ಗ್‌ಗೆ ತಲಪಿದ್ದು ಮೇಲ್ಮನವಿಯ ಮೂಲಕವಲ್ಲ. ಯಾವುದೇ ಸದಸ್ಯ ರಾಷ್ಟ್ರದ ನ್ಯಾಯಾಧೀಶರು, ಕೆಳಹಂತದವರೂ ಸಹ, ಒಕ್ಕೂಟದ ಕಾನೂನಿನ ಅರ್ಥದ ಬಗ್ಗೆ ಸಂದೇಹ ಬಂದಾಗ ಪ್ರಶ್ನೆಯನ್ನು ಬರೆದು ಲಕ್ಸೆಂಬರ್ಗ್‌ಗೆ ಕಳುಹಿಸಬಹುದು. ಉತ್ತರ ಬರುವವರೆಗೆ ಮೊಕದ್ದಮೆ ನಿಲ್ಲುತ್ತದೆ. ಉತ್ತರ ಬಂದ ಮೇಲೆ ಅಂತಿಮ ತೀರ್ಪು ಕೊಡುವವರು ಮತ್ತೆ ಅದೇ ನ್ಯಾಯಾಧೀಶರು. ನಮ್ಮ ಸಿವಿಲ್ ಪ್ರಕ್ರಿಯಾ ಸಂಹಿತೆಯ 113ನೇ ಪ್ರಕರಣದಲ್ಲಿ ಅಧೀನ ನ್ಯಾಯಾಲಯ ಹೈಕೋರ್ಟಿನ ಅಭಿಪ್ರಾಯ ಕೋರುವ ಅವಕಾಶವಿದೆ. ನಮ್ಮಲ್ಲಿ ಅಪರೂಪವಾದ ಈ ವಿಧಾನವೇ ಅಲ್ಲಿ ರಾಜಮಾರ್ಗ. ಪೊಲೀಸರಿಲ್ಲದ ನ್ಯಾಯಾಲಯದ ಮಾತು ನಡೆಯುವುದು ಇದರಿಂದಲೇ: ತನ್ನದೇ ದೇಶದ ನ್ಯಾಯಾಧೀಶರು ಕೊಟ್ಟ ತೀರ್ಪನ್ನು ಧಿಕ್ಕರಿಸುವುದು ಸರ್ಕಾರಕ್ಕೆ ಕಷ್ಟ. ಹಾಗೂ ಪಾಲಿಸದಿದ್ದರೆ ದಂಡವಿದೆ. ನ್ಯಾಯಾಂಗ ಸ್ವಾತಂತ್ರ್ಯದ ವಿವಾದದಲ್ಲಿ ಪೋಲೆಂಡ್‌ಗೆ 2021ರ ಅಕ್ಟೋಬರ್‌ನಲ್ಲಿ ದಿನಕ್ಕೆ 10 ಲಕ್ಷ ಯೂರೊ ದಂಡ ವಿಧಿಸಲಾಗಿತ್ತು. ಮೊತ್ತವನ್ನು ಆ ದೇಶಕ್ಕೆ ಸಲ್ಲಬೇಕಾದ ಅನುದಾನದಿಂದ ಕಡಿತ ಮಾಡಲಾಯಿತು.

ಮೇಲಿನ ನ್ಯಾಯಾಲಯದಲ್ಲಿ ರಾಷ್ಟ್ರಕ್ಕೊಬ್ಬರಂತೆ 27 ನ್ಯಾಯಾಧೀಶರೂ, ತೀರ್ಪಿಗೆ ಮುನ್ನ ಸ್ವತಂತ್ರ ಅಭಿಪ್ರಾಯ ಬರೆಯುವ 11 ಅಡ್ವೊಕೇಟ್ ಜನರಲ್‌ಗಳೂ ಇದ್ದಾರೆ. ಈ ಹುದ್ದೆಗೂ ನಮ್ಮ ರಾಜ್ಯ ಸರ್ಕಾರದ ಪರ ವಾದಿಸುವ ಅಡ್ವೊಕೇಟ್ ಜನರಲ್ ಹುದ್ದೆಗೂ ಹೆಸರಿನ ಹೊರತು ಸಂಬಂಧವಿಲ್ಲ. ಕೆಳಗೆ ರಾಷ್ಟ್ರಕ್ಕೆ ಇಬ್ಬರಂತೆ ನ್ಯಾಯಾಧೀಶರಿರುವ ಜನರಲ್ ಕೋರ್ಟ್ ಇದೆ.

ಪ್ರಾಧಾನ್ಯಕ್ಕೆ ಮಿತಿ: ಕಾರ್ಲ್ಸ್‌ರುಹೆ ಮತ್ತು ಎಡನೀರು

ಪ್ರಾಧಾನ್ಯ ತತ್ವವನ್ನು ರಾಷ್ಟ್ರಗಳ ಸಂವಿಧಾನ ನ್ಯಾಯಾಲಯಗಳು ಪೂರ್ತಿಯಾಗಿ ಒಪ್ಪಿಲ್ಲ. ಕಾರ್ಲ್ಸ್‌ರುಹೆಯಲ್ಲಿರುವ ಜರ್ಮನಿಯ ಸಂವಿಧಾನ ನ್ಯಾಯಾಲಯ 1974ರಿಂದಲೇ ಷರತ್ತು ಹಾಕುತ್ತ ಬಂದಿದೆ. ಲಿಸ್ಬನ್ ಒಡಂಬಡಿಕೆಯನ್ನು ಕುರಿತ 2009ರ ಜೂನ್ 30ರ ತೀರ್ಪಿನಲ್ಲಿ ಅದು, ಜರ್ಮನ್ ಸಂವಿಧಾನದ ತಿರುಳನ್ನು ಒಕ್ಕೂಟ ಮುಟ್ಟುವಂತಿಲ್ಲ ಎಂದಿತು. 2020ರ ಮೇ 5ರಂದು ಕೇಂದ್ರ ಬ್ಯಾಂಕಿನ ಸಾಲಪತ್ರ ಖರೀದಿಯ ಪ್ರಕರಣದಲ್ಲಿ ಲಕ್ಸೆಂಬರ್ಗಿನ ತೀರ್ಪೇ ಅಧಿಕಾರ ಮೀರಿದ್ದೆಂದು ಹೇಳುವವರೆಗೆ ಹೋಯಿತು.

ತಿರುಳನ್ನು ಮುಟ್ಟಬಾರದೆಂಬ ವಾದದ ಬೇರು ಜರ್ಮನಿಯ 1949ರ ಸಂವಿಧಾನದ 79ನೇ ವಿಧಿಯ 3ನೇ ಉಪವಿಧಿಯಲ್ಲಿದೆ. ಮಾನವ ಘನತೆ, ಪ್ರಜಾಸತ್ತೆ, ರಾಜ್ಯಗಳ ಒಕ್ಕೂಟ ಸ್ವರೂಪ ಇವನ್ನು ಯಾವ ತಿದ್ದುಪಡಿಯೂ ತೆಗೆಯುವಂತಿಲ್ಲ ಎಂದು ಅದು ವಿಧಿಸುತ್ತದೆ. ಕನ್ನಡ ಓದುಗರಿಗೆ ಇದು ಪರಿಚಿತ ಮಾತು. ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ವಿದ್ವಾಂಸ ಡೀಟ್ರಿಚ್ ಕಾನ್ರಾಡ್ 1965ರ ಫೆಬ್ರುವರಿಯಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಸಂವಿಧಾನ ತಿದ್ದುಪಡಿಯ ಅಧಿಕಾರಕ್ಕೆ ಅಂತರ್ಗತ ಮಿತಿಗಳಿವೆಯೇ ಎಂಬ ಬಗ್ಗೆ ಉಪನ್ಯಾಸ ನೀಡಿದರು. ಆ ವಾದವನ್ನು ವಕೀಲ ಎಂ. ಕೆ. ನಂಬಿಯಾರ್ ಅವರು ಗೋಲಕನಾಥ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮುಂದಿಟ್ಟರು. 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠ 7–6ರ ಬಹುಮತದಿಂದ ಸಂವಿಧಾನದ ಮೂಲ ಸ್ವರೂಪವನ್ನು ಬದಲಿಸಲಾಗದು ಎಂದಾಗ, ನ್ಯಾಯಮೂರ್ತಿ ಎಚ್. ಆರ್. ಖನ್ನಾ ತಮ್ಮ ತೀರ್ಪಿನಲ್ಲಿ ಕಾನ್ರಾಡ್ ಅವರ ಬರಹವನ್ನು ಉಲ್ಲೇಖಿಸಿದರು. ಆ ಪ್ರಕರಣದ ಅರ್ಜಿದಾರರು ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತೀ ಸ್ವಾಮೀಜಿ. ಯಕ್ಷಗಾನಕ್ಕೂ ಕನ್ನಡಕ್ಕೂ ಆಶ್ರಯವಾದ ಗಡಿನಾಡಿನ ಮಠವದು. ಮಠದ ಭೂಮಿಗೆ ಸಂಬಂಧಿಸಿದ ಅರ್ಜಿಯಿಂದ ಹುಟ್ಟಿದ ಭಾರತದ ತತ್ವವೂ, ಒಕ್ಕೂಟದ ಪ್ರಾಧಾನ್ಯವನ್ನು ತಡೆಹಿಡಿಯುವ ಜರ್ಮನ್ ತತ್ವವೂ ಒಂದೇ ವಿಚಾರಧಾರೆಯ ಎರಡು ಕವಲುಗಳು. ಎರಡನ್ನೂ ಒಟ್ಟಿಗೆ ಓದುವ ವಿದ್ಯಾರ್ಥಿಗೆ ಒಂದು ಮತ್ತೊಂದನ್ನು ತಿಳಿಗೊಳಿಸುತ್ತದೆ.

ಕರ್ನಾಟಕದ ಮೇಲಿನ ಪರಿಣಾಮ

ಒಕ್ಕೂಟದ ಮಾರುಕಟ್ಟೆಗೆ ಸರಕು ಕಳುಹಿಸುವವರು ಅಲ್ಲಿನ ನಿಯಮ ಪಾಲಿಸಲೇಬೇಕಾದ್ದರಿಂದ, ಬ್ರಸೆಲ್ಸ್‌ನಲ್ಲಿ ಆದ ನಿಯಮ ಮತವಿಲ್ಲದ ದೂರದ ಜನರನ್ನೂ ಕಟ್ಟುತ್ತದೆ. ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಅನು ಬ್ರಾಡ್‌ಫರ್ಡ್ 2012ರಲ್ಲಿ ಇದಕ್ಕೆ ‘ಬ್ರಸೆಲ್ಸ್ ಪರಿಣಾಮ’ ಎಂದು ಹೆಸರಿಟ್ಟರು.

ಮಾವು. 2013ರಲ್ಲಿ ಭಾರತದಿಂದ ಹೋದ 207 ಸರಕುಗಳಲ್ಲಿ ಹಣ್ಣುನೊಣ ಮತ್ತಿತರ ಕೀಟಗಳು ಕಂಡುಬಂದವು. 2014ರ ಮಾರ್ಚ್ 26ರಂದು ಸಸ್ಯ ಆರೋಗ್ಯದ ಸ್ಥಾಯಿ ಸಮಿತಿ ಒಪ್ಪಿಗೆ ನೀಡಿ, ಮೇ 1ರಿಂದ ಭಾರತದ ಮಾವು, ಬದನೆ, ಕೆಸು, ಹಾಗಲ ಮತ್ತು ಪಡುವಲಗಳ ಆಮದನ್ನು ಒಕ್ಕೂಟ ನಿಷೇಧಿಸಿತು. ಪತ್ರಿಕೆಗಳು ಇದನ್ನು ‘ಆಲ್ಫಾನ್ಸೊ ನಿಷೇಧ’ ಎಂದು ಕರೆದರೂ ಆದೇಶದಲ್ಲಿ ತಳಿಯ ಭೇದವಿರಲಿಲ್ಲ; ನಮ್ಮ ಬಾದಾಮಿ, ರಸಪುರಿ, ಮಲ್ಲಿಕಾ ಎಲ್ಲಕ್ಕೂ ಅದು ಅನ್ವಯಿಸಿತು. ಸಂಸ್ಕರಿಸಿದ ತಿರುಳಿಗೆ ನಿಷೇಧವಿರಲಿಲ್ಲ. ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದಂತಹ ಊರುಗಳಿಂದ ಶ್ರೀನಿವಾಸಪುರದವರೆಗಿನ ಮಾವಿನ ಸೀಮೆಯಲ್ಲಿ ತೋತಾಪುರಿ ಹೆಚ್ಚಾಗಿ ತಿರುಳಿಗೆ ಹೋಗುವ ಹಣ್ಣಾದ್ದರಿಂದ ಈ ವ್ಯತ್ಯಾಸ ಮುಖ್ಯ.

ಸಂಸ್ಥೆಗಳ ಕಾರ್ಯವಿಧಾನ ತಿಳಿಯಲು ಈ ಪ್ರಕರಣಕ್ಕಿಂತ ಒಳ್ಳೆಯ ಪಾಠವಿಲ್ಲ. ಮೊದಲನೆಯದಾಗಿ, ಈ ನಿಷೇಧ ಸಂಸತ್ತಿನಲ್ಲಿ ಚರ್ಚೆಯಾದ ಶಾಸನವಲ್ಲ. ಮೂಲ ಶಾಸನ ಕೊಟ್ಟ ಅಧಿಕಾರದಡಿ, ರಾಷ್ಟ್ರಗಳ ತಜ್ಞರ ಸಮಿತಿಯ ಒಪ್ಪಿಗೆ ಪಡೆದು ಆಯೋಗ ಹೊರಡಿಸಿದ ಅನುಷ್ಠಾನ ನಿರ್ಣಯ. ಎರಡನೆಯದಾಗಿ, ಆಗ ಸದಸ್ಯ ರಾಷ್ಟ್ರವಾಗಿದ್ದ ಬ್ರಿಟನ್ನಿನ ವ್ಯಾಪಾರಿಗಳು ಪ್ರತಿಭಟಿಸಿದರೂ ಬ್ರಿಟಿಷ್ ಸರ್ಕಾರ ತಾನೊಂದೇ ನಿಷೇಧ ತೆಗೆಯುವಂತಿರಲಿಲ್ಲ. ಮೂರನೆಯದಾಗಿ, ಬೆಳೆಗಾರ ಇದನ್ನು ಪ್ರಶ್ನಿಸುವುದು ಬಹುತೇಕ ಅಸಾಧ್ಯ. 1963ರ ಪ್ಲೌಮನ್ ಪ್ರಕರಣದಲ್ಲಿ ಕಿತ್ತಳೆ ಜಾತಿಯ ಕ್ಲೆಮೆಂಟೈನ್ ಹಣ್ಣನ್ನು ತರಿಸುತ್ತಿದ್ದ ಜರ್ಮನ್ ವ್ಯಾಪಾರಿಗೇ, ಆ ವ್ಯಾಪಾರವನ್ನು ಯಾರು ಬೇಕಾದರೂ ಮಾಡಬಹುದಾದ್ದರಿಂದ ಆದೇಶ ನಿನ್ನೊಬ್ಬನನ್ನು ಪ್ರತ್ಯೇಕವಾಗಿ ತಟ್ಟಿಲ್ಲ ಎಂದು ನ್ಯಾಯಾಲಯ ಬಾಗಿಲು ಮುಚ್ಚಿತ್ತು. ಲಿಸ್ಬನ್ ಒಡಂಬಡಿಕೆ ಈ ನಿಯಮವನ್ನು ಸ್ವಲ್ಪ ಸಡಿಲಿಸಿದೆ, ತೆಗೆದಿಲ್ಲ. ಹೀಗಾಗಿ ಮಾವಿನ ವಿವಾದ ಪರಿಹಾರವಾದದ್ದು ಕೋರ್ಟಿನಲ್ಲಲ್ಲ. ಭಾರತ ರಫ್ತು ತಪಾಸಣೆಯನ್ನು ಬಿಗಿಗೊಳಿಸಿ ಕೀಟನಾಶಕ್ಕೆ ಶಾಖೋಪಚಾರದ ವ್ಯವಸ್ಥೆ ಮಾಡಿತು. 2015ರ ಜನವರಿಯಲ್ಲಿ ಅದೇ ಸಮಿತಿ ಮಾವಿನ ಮೇಲಿನ ನಿಷೇಧ ತೆರವಿಗೆ ಒಪ್ಪಿತು. ತರಕಾರಿಗಳು ಮತ್ತಷ್ಟು ಕಾಲ ಕಾಯಬೇಕಾಯಿತು.

ಕಾಫಿ. ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಕರ್ನಾಟಕದ್ದು, ಇಟಲಿ, ಜರ್ಮನಿ, ಬೆಲ್ಜಿಯಂ ಅದರ ದೊಡ್ಡ ಗಿರಾಕಿಗಳು. 2023ರ ಜೂನ್ 29ರಂದು ಜಾರಿಗೆ ಬಂದ ಅರಣ್ಯನಾಶ ತಡೆ ನಿಬಂಧನೆಯ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ, ಕೋಕೊ, ರಬ್ಬರ್, ಸೋಯಾ, ತಾಳೆ ಎಣ್ಣೆ, ಮರ ಹಾಗೂ ದನದ ಉತ್ಪನ್ನಗಳನ್ನು ಒಕ್ಕೂಟದಲ್ಲಿ ಮಾರುವಂತಿಲ್ಲ. ಇದು ಮೂರೂ ಸಂಸ್ಥೆಗಳ ಹಾದಿ ಸವೆಸಿ ಬಂದ ಪೂರ್ಣ ಶಾಸನ. ಆಯೋಗ 2021ರ ನವೆಂಬರ್‌ನಲ್ಲಿ ಪ್ರಸ್ತಾವ ಮಂಡಿಸಿತ್ತು. ಆದರೆ ಪಾಲನೆಯ ಗಡುವು ಎರಡು ಬಾರಿ ಮುಂದಕ್ಕೆ ಹೋಗಿ, ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ 30 ಎಂದು ನಿಗದಿಯಾಗಿದೆ.

ಕಾನೂನಿನ ಹೊಣೆ ಯುರೋಪಿನ ಆಮದುದಾರನದು. ಆದರೆ ಅವನು ಸಲ್ಲಿಸಬೇಕಾದ ಹೇಳಿಕೆಯಲ್ಲಿ ಕಾಫಿ ಬೆಳೆದ ತಾಕಿನ ಅಕ್ಷಾಂಶ–ರೇಖಾಂಶ ಇರಬೇಕು; 4 ಹೆಕ್ಟೇರಿಗಿಂತ, ಅಂದರೆ ಹತ್ತಿರ ಹತ್ತಿರ 10 ಎಕರೆಗಿಂತ ದೊಡ್ಡ ತಾಕಾದರೆ ಗಡಿಯ ಪೂರ್ಣ ರೇಖೆ ಬೇಕು. ಹೀಗಾಗಿ ಹೊಣೆ ಕೈಯಿಂದ ಕೈಗೆ ಇಳಿದು ಕೊನೆಗೆ ಬೆಳೆಗಾರನ ಅಂಗಳಕ್ಕೆ ಬರುತ್ತದೆ. ಬೆಂಗಳೂರಿನ ಕಾಫಿ ಮಂಡಳಿ ತೋಟಗಳ ನೋಂದಣಿಗೆ ತೊಡಗಿರುವುದು ಈ ಕಾರಣಕ್ಕೆ. ನಮ್ಮ ಕಾಫಿ ಮರಗಳ ನೆರಳಿನಲ್ಲಿ ಬೆಳೆಯುವುದರಿಂದ ಉಪಗ್ರಹ ಚಿತ್ರದಲ್ಲಿ ತೋಟವೂ ಕಾಡಿನಂತೆಯೇ ಕಾಣುತ್ತದೆ. ನಿಬಂಧನೆಯ ವ್ಯಾಖ್ಯೆಯಂತೆ ಮರಗಳೊಂದಿಗಿನ ಕೃಷಿ ಅರಣ್ಯವಲ್ಲ, ಕೃಷಿಯೇ. ಆದ್ದರಿಂದ ಹಳೆಯ ನೆರಳು ತೋಟಗಳಿಗೆ ಭಯವಿಲ್ಲ. ಬೆಳೆ ಆಯಾ ದೇಶದ ಭೂಕಾನೂನಿಗೂ ಅನುಗುಣವಾಗಿರಬೇಕೆಂಬ ಷರತ್ತು ಇದಕ್ಕಿಂತ ಸೂಕ್ಷ್ಮವಾದದ್ದು. ಕೊಡಗಿನ ಜಮ್ಮಾ ಬಾಣೆಯಂತಹ ಹಿಡುವಳಿಯನ್ನು ಬ್ರಸೆಲ್ಸ್‌ನ ನಮೂನೆಯಲ್ಲಿ ವಿವರಿಸುವುದು ಸುಲಭವಲ್ಲ. 2025ರ ಮೇ ತಿಂಗಳಲ್ಲಿ ಆಯೋಗ ಭಾರತವನ್ನು ಕಡಿಮೆ ಅಪಾಯದ ದೇಶಗಳ ಪಟ್ಟಿಗೆ ಸೇರಿಸಿತು. ಇದರಿಂದ ಆಮದುದಾರನ ಪರಿಶೀಲನೆ ಹಗುರವಾಗುತ್ತದೆಯೇ ಹೊರತು ತಾಕಿನ ಸ್ಥಳ ವಿವರ ಕೊಡುವುದು ತಪ್ಪುವುದಿಲ್ಲ.

ದತ್ತಾಂಶ. 2018ರ ಮೇ 25ರಿಂದ ಅನ್ವಯವಾದ ದತ್ತಾಂಶ ಸಂರಕ್ಷಣಾ ನಿಬಂಧನೆ, ಅಂದರೆ ಜಿಡಿಪಿಆರ್, ಉಲ್ಲಂಘನೆಗೆ 2 ಕೋಟಿ ಯೂರೊ ಅಥವಾ ಜಾಗತಿಕ ವಹಿವಾಟಿನ ಶೇ. 4 ಇವೆರಡರಲ್ಲಿ ಹೆಚ್ಚಿನದರವರೆಗೆ ದಂಡ ವಿಧಿಸುತ್ತದೆ. ಯುರೋಪಿನವರ ವೈಯಕ್ತಿಕ ಮಾಹಿತಿ ಹೊರದೇಶಕ್ಕೆ ಹೋಗಬೇಕಾದರೆ ಅಲ್ಲಿನ ರಕ್ಷಣೆ ಸಾಕಷ್ಟಿದೆಯೆಂದು ಆಯೋಗ ಘೋಷಿಸಿರಬೇಕು. ಭಾರತಕ್ಕೆ ಅಂಥ ಘೋಷಣೆ ದೊರೆತಿಲ್ಲ. ಆದ್ದರಿಂದ ಬೆಂಗಳೂರಿನ ಕಂಪನಿಗಳು ಆಯೋಗವೇ ಸಿದ್ಧಪಡಿಸಿದ ಮಾದರಿ ಕರಾರುಗಳಿಗೆ ಸಹಿ ಹಾಕಿ ಕೆಲಸ ಮಾಡುತ್ತವೆ. ಈ ಕ್ಷೇತ್ರದ ಎರಡು ಪ್ರಮುಖ ತೀರ್ಪುಗಳು, 2015ರದ್ದೂ 2020ರದ್ದೂ, ಮ್ಯಾಕ್ಸ್ ಶ್ರೆಮ್ಸ್ ಎಂಬ ಆಸ್ಟ್ರಿಯಾದ ಕಾನೂನು ವಿದ್ಯಾರ್ಥಿ ಫೇಸ್‌ಬುಕ್ ವಿರುದ್ಧ ಐರ್ಲೆಂಡಿನಲ್ಲಿ ನೀಡಿದ ದೂರಿನಿಂದ ಬೆಳೆದವು.

ಈ ವಿಚಾರ ಭಾರತದ ಕಾನೂನಿನೊಳಕ್ಕೂ ಹರಿದು ಬಂದಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಆಧಾರ್ ವ್ಯವಸ್ಥೆಯನ್ನು ಪ್ರಶ್ನಿಸಿ 2012ರಲ್ಲಿ ಅರ್ಜಿ ಸಲ್ಲಿಸಿದಾಗ ಅವರಿಗೆ 86 ವರ್ಷ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಸಾರಿತು. ಹಕ್ಕನ್ನು ಮೊಟಕುಗೊಳಿಸುವ ಕ್ರಮ ಗುರಿಗೆ ತಕ್ಕಷ್ಟೇ ಇರಬೇಕೆಂಬ ಪ್ರಮಾಣಾನುಗುಣತೆಯ ತತ್ವ ಆ ತೀರ್ಪಿನಲ್ಲಿ ಬಳಕೆಯಾಗಿದ್ದು, ಯುರೋಪಿನ ಎರಡೂ ನ್ಯಾಯಾಲಯಗಳ ತೀರ್ಪುಗಳ ಚರ್ಚೆ ಅಲ್ಲಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಅದರ ಮುಂದುವರಿಕೆ.

ಭಾಷೆಯ ಪ್ರಶ್ನೆ

ಒಕ್ಕೂಟದಲ್ಲಿ 24 ಅಧಿಕೃತ ಭಾಷೆಗಳಿವೆ. ಪ್ರತಿ ನಿಬಂಧನೆಯೂ ಅಷ್ಟೂ ಭಾಷೆಗಳಲ್ಲಿ ಪ್ರಕಟವಾಗುತ್ತದೆ, ಎಲ್ಲ ಪಠ್ಯಗಳಿಗೂ ಸಮಾನ ಪ್ರಾಮಾಣ್ಯ. ಒಂದು ಭಾಷೆಯ ಪಠ್ಯವೇ ಮೂಲ, ಉಳಿದವು ಅನುವಾದ ಎಂಬ ಭಾವನೆ ಅಲ್ಲಿ ಕಾನೂನಿಗೆ ವಿರುದ್ಧ. ಪದವೊಂದರ ಅರ್ಥ ಸಂದೇಹಾಸ್ಪದವಾದರೆ ಹಲವು ಭಾಷೆಗಳ ಪಠ್ಯಗಳನ್ನು ಹೋಲಿಸಿ ನೋಡಬೇಕೆಂದು 1982ರ ಸಿಲ್ಫಿಟ್ ತೀರ್ಪು ತಿಳಿಸಿದೆ. ನ್ಯಾಯಾಧೀಶರು ತಮ್ಮೊಳಗೆ ಬಳಸುವ ಭಾಷೆ ಮಾತ್ರ ಫ್ರೆಂಚ್. ಐದು ಲಕ್ಷದಷ್ಟು ಜನರ ಮಾಲ್ಟೀಸ್ ಭಾಷೆಗೆ ಈ ಸ್ಥಾನವಿದೆ. 2011ರ ಜನಗಣತಿಯಂತೆ 4.37 ಕೋಟಿ ಜನರ ಮಾತೃಭಾಷೆಯಾದ ಕನ್ನಡದಲ್ಲಿ ನಮ್ಮ ಕೇಂದ್ರ ಕಾಯ್ದೆಗಳ ಅಧಿಕೃತ ಅನುವಾದಕ್ಕೆ 1973ರ ಕಾಯ್ದೆಯೊಂದು ಅವಕಾಶ ಕೊಟ್ಟಿದೆಯಾದರೂ, ಸಂವಿಧಾನದ 348ನೇ ವಿಧಿಯಂತೆ ಸಂಸತ್ತಿನ ಕಾಯ್ದೆಗಳಿಗೆ ಇಂಗ್ಲಿಷ್ ಪಠ್ಯವೇ ಪ್ರಮಾಣ.

ಅಧ್ಯಯನ

ಯುರೋಪಿನ ಕಾನೂನನ್ನು ಅಭ್ಯಾಸ ಮಾಡಿದ ಕನ್ನಡ ನಾಡಿನವರಲ್ಲಿ ಮೊದಲು ನೆನೆಯಬೇಕಾದವರು ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿ 1947ರಲ್ಲಿ ಅಮೆರಿಕ, ಕೆನಡಾ, ಐರ್ಲೆಂಡ್ ಮತ್ತು ಬ್ರಿಟನ್‌ಗಳಿಗೆ ಹೋಗಿ ಅಲ್ಲಿನ ಸಂವಿಧಾನ ತಜ್ಞರೊಂದಿಗೆ ಚರ್ಚಿಸಿದರು. ನಮ್ಮ ನಿರ್ದೇಶಕ ತತ್ವಗಳಿಗೆ ಐರ್ಲೆಂಡಿನ ಸಂವಿಧಾನ ಮಾದರಿಯಾಯಿತು. 1952ರಿಂದ, 1953ರಲ್ಲಿ ನಿಧನರಾಗುವವರೆಗೆ ಅವರು ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿದ್ದರು.

ಇಂದು ಮಣಿಪಾಲದ ಉನ್ನತ ಶಿಕ್ಷಣ ಅಕಾಡೆಮಿಯಲ್ಲಿ ಐರೋಪ್ಯ ಅಧ್ಯಯನ ಕೇಂದ್ರವಿದ್ದು, ಒಕ್ಕೂಟದ ಜೀನ್ ಮೊನೆ ಯೋಜನೆಯ ಮನ್ನಣೆ ಪಡೆದಿದೆ. ಭಾರತದ ಕಾನೂನು ಪದವಿಯಲ್ಲಿ ಇದು ಕಡ್ಡಾಯ ವಿಷಯವಲ್ಲ. ಅಂತಾರಾಷ್ಟ್ರೀಯ ವ್ಯಾಪಾರ ಕಾನೂನು, ಸ್ಪರ್ಧಾ ಕಾನೂನು ಅಥವಾ ತೌಲನಿಕ ಸಂವಿಧಾನದ ಜೊತೆಯಲ್ಲಿ ಓದಲು ಸಿಗುತ್ತದೆ. ಹೊರಗೆ ಹೋಗಿ ಓದಬಯಸುವವರಿಗೆ ಬೆಲ್ಜಿಯಂನ ಬ್ರೂಜ್‌ನಲ್ಲಿರುವ, 1949ರಲ್ಲಿ ಸ್ಥಾಪನೆಯಾದ ಕಾಲೇಜ್ ಆಫ್ ಯುರೋಪ್, ಫ್ಲಾರೆನ್ಸ್‌ನ ಯುರೋಪಿಯನ್ ಯೂನಿವರ್ಸಿಟಿ ಇನ್ಸ್ಟಿಟ್ಯೂಟ್, ಲೈಡನ್, ಲೂವೆನ್, ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯಗಳು ಹೆಸರಾಗಿವೆ. ಎರಾಸ್ಮಸ್ ಮುಂಡಸ್ ಜಂಟಿ ಸ್ನಾತಕೋತ್ತರ ಪದವಿಗಳ ವಿದ್ಯಾರ್ಥಿವೇತನಕ್ಕೆ ಭಾರತೀಯರೂ ಅರ್ಹರು. ಬ್ರಿಟನ್ ಹೊರಬಂದ ಮೇಲೆ, ನಮ್ಮಂತೆಯೇ ಇಂಗ್ಲಿಷ್ ಕಾನೂನು ಪರಂಪರೆಯುಳ್ಳ ಐರ್ಲೆಂಡ್ ಭಾರತೀಯ ವಿದ್ಯಾರ್ಥಿಗೆ ಸಮೀಪದ ಬಾಗಿಲಾಗಿದೆ.

ಮನೆಯಲ್ಲೇ ಕುಳಿತು ಓದುವವರಿಗೂ ಕೊರತೆಯಿಲ್ಲ. ಒಡಂಬಡಿಕೆ, ಶಾಸನ ಹಾಗೂ ತೀರ್ಪುಗಳೆಲ್ಲ ಒಕ್ಕೂಟದ ‘ಯೂರ್–ಲೆಕ್ಸ್’ ಜಾಲತಾಣದಲ್ಲಿ ಉಚಿತವಾಗಿ ದೊರೆಯುತ್ತವೆ. ಭಾರತದ ತೀರ್ಪುಗಳನ್ನು ಓದಿ ರೂಢಿಯಾದವರಿಗೆ ಲಕ್ಸೆಂಬರ್ಗಿನ ತೀರ್ಪು ಮೊದಲು ಒಣಗಿದಂತೆ ತೋರುತ್ತದೆ. ಪುಟ್ಟಸ್ವಾಮಿ ಪ್ರಕರಣದಲ್ಲಿ ಆರು ಪ್ರತ್ಯೇಕ ತೀರ್ಪುಗಳಿದ್ದು ಒಟ್ಟು 547 ಪುಟಗಳಾಗಿವೆ. ಲಕ್ಸೆಂಬರ್ಗ್‌ನಲ್ಲಿ ಎಷ್ಟೇ ನ್ಯಾಯಾಧೀಶರಿದ್ದರೂ ಒಂದೇ ತೀರ್ಪು. ಭಿನ್ನಾಭಿಪ್ರಾಯ ಪ್ರಕಟಿಸುವ ಪದ್ಧತಿಯಿಲ್ಲ, ಸಂಖ್ಯೆ ಹಾಕಿದ ಕಿರಿಯ ಪರಿಚ್ಛೇದಗಳಲ್ಲಿ ಎಲ್ಲವೂ ಮುಗಿಯುತ್ತದೆ. ವಾದದ ಒಳಸುಳಿಗಳನ್ನು ಅರಿಯಲು ಅಡ್ವೊಕೇಟ್ ಜನರಲ್‌ರ ಅಭಿಪ್ರಾಯವನ್ನು ಮೊದಲು ಓದಿ, ಬಳಿಕ ತೀರ್ಪಿಗೆ ಬರುವುದು ಒಳ್ಳೆಯ ಕ್ರಮ. ಪ್ರಕರಣದ ಸಂಖ್ಯೆಯ ಮುಂದೆ ‘ಸಿ’ ಅಕ್ಷರವಿದ್ದರೆ ಮೇಲಿನ ನ್ಯಾಯಾಲಯದ್ದು, ‘ಟಿ’ ಇದ್ದರೆ ಜನರಲ್ ಕೋರ್ಟಿನದು. ನಂತರದ ಅಂಕಿಗಳು ನೋಂದಣಿಯ ಕ್ರಮಸಂಖ್ಯೆ ಮತ್ತು ವರ್ಷ. ಉದಾಹರಣೆಗೆ, ಶ್ರೆಮ್ಸ್ ಅವರ ಎರಡನೆಯ ಪ್ರಕರಣ ಸಿ–311/18, ಅಂದರೆ 2018ರಲ್ಲಿ ದಾಖಲಾದ 311ನೆಯದು. ತೀರ್ಪು ಬಂದದ್ದು 2020ರ ಜುಲೈ 16ರಂದು.